ಏಳು ತಿಂಗಳ ಮಗು, ಎಂಟು ತಿಂಗಳ ಮಗು

ಪ್ರಶ್ನೆ: ತಂಗಿಗೆ ಮೊದಲ ಮಗು 32 ವಾರಕ್ಕೇ ಹುಟ್ಟಿತು. ಈಗ ಮತ್ತೆ ಎರಡೂವರೆ ತಿಂಗಳು. ಈ ಸಲವೂ ಹಾಗೇ ಆದೀತೇ? ಪೂರ್ತಿ ಮಲಗಿಯೇ ಇರಬೇಕೇ?
— ಓದುಗರು, ಚಳ್ಳಕೆರೆ

ಆಗಲೇಬೇಕೆಂದಿಲ್ಲ. ಆದರೆ ಒಮ್ಮೆ 37 ವಾರಕ್ಕೆ ಮುಂಚೆ ಹೆತ್ತವರಿಗೆ ಮತ್ತೆ ಹಾಗಾಗುವ ಸಂಭವ ಉಳಿದವರಿಗಿಂತ ಹೆಚ್ಚು. ಹಾಗಾಗಿ ಮೊದಲ ಭೇಟಿಯಲ್ಲೇ ಈ ವಿಷಯ ಹೇಳಿ, ಹಳೆಯ ಡಿಸ್ಚಾರ್ಜ್ ಚೀಟಿ ತೋರಿಸಿ.

11ರಿಂದ 14 ವಾರದೊಳಗಿನ ಸ್ಕ್ಯಾನ್ ತಪ್ಪಿಸಬೇಡಿ. ‘ಯುಗಾದಿ ಕಳೆದು ನಾಲ್ಕು ದಿನಕ್ಕೆ ಮುಟ್ಟಾಗಿದ್ದೆ’ ಎಂಬ ನೆನಪಿನ ಲೆಕ್ಕ ಎರಡು ವಾರ ಹಿಂದೆ ಮುಂದೆ ಆದರೂ, ಮುಂದೆ ನೋವು ಬಂದಾಗ ಯಾವ ಚಿಕಿತ್ಸೆ ಎಂಬ ತೀರ್ಮಾನವೇ ತಪ್ಪುತ್ತದೆ. 16 ವಾರದಿಂದ 24ರೊಳಗೆ ಗರ್ಭಕೋಶದ ಬಾಯಿಯ ಉದ್ದವನ್ನು ಒಳಗಿನಿಂದ ಸ್ಕ್ಯಾನ್ ಮಾಡಿ ಅಳೆಯುತ್ತಾರೆ. ಅದು 25 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಯೋನಿಯಲ್ಲಿ ಇಡುವ ಪ್ರೊಜೆಸ್ಟರಾನ್ ಮಾತ್ರೆ, ಇಲ್ಲವೇ ಗರ್ಭಕೋಶದ ಬಾಯಿಗೆ ಹೊಲಿಗೆ. ಮೂತ್ರದ ಕಲ್ಚರ್ ಕೂಡ ಆಗಲಿ. ಉರಿ ಇಲ್ಲದೆಯೂ ಸೋಂಕು ಇರುತ್ತದೆ. ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ (11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ) ಇವು ಗೊತ್ತಿದ್ದದ್ದೇ. ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದೂ ಬಿಡಬೇಕು. ಅವಳಿ ಮಕ್ಕಳು, ಹೆರಿಗೆಯಾದ ವರ್ಷದೊಳಗೇ ಮತ್ತೆ ಬಸಿರು, ಹದಿಹರೆಯದ ಬಸಿರು ಸಹ ಅಪಾಯ ಹೆಚ್ಚಿಸುತ್ತವೆ.

ಮಲಗಿಯೇ ಇದ್ದರೆ ಹೆರಿಗೆ ಮುಂದಕ್ಕೆ ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಂತೂ ಇದೆ. ಇಷ್ಟೆಲ್ಲ ಮಾಡಿಯೂ ಬೇಗ ಹೆರಿಗೆಯಾದರೆ ತಂಗಿಯನ್ನು ಬೈಯಬೇಡಿ. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ.

ಪ್ರಶ್ನೆ: ಏಳು ತಿಂಗಳಿಗೆ ಹುಟ್ಟಿದ್ದು ಬದುಕುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಅಂತಾರಲ್ಲ, ನಿಜವೇ?
— ಓದುಗರು, ಗದಗ

ಸುಳ್ಳು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಬೇಗ ಹುಟ್ಟಿದ ಮಗುವಿನ ಶ್ವಾಸಕೋಶದಲ್ಲಿ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ಪದಾರ್ಥ ಸಾಲದು. ಅದಕ್ಕೇ 24ರಿಂದ 34 ವಾರದೊಳಗೆ ಹೆರಿಗೆ ಆಗುವ ಲಕ್ಷಣವಿದ್ದರೆ ತಾಯಿಗೆ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ, 12 ಗಂಟೆಗೊಮ್ಮೆ ನಾಲ್ಕು ಚುಚ್ಚುಮದ್ದು ಕೊಡುತ್ತಾರೆ. ಕೆಲಸ ಮಾಡಲು ಇದಕ್ಕೆ ಸಮಯ ಬೇಕು. ಹೊಟ್ಟೆ ಗಟ್ಟಿಯಾಗಿ ಸಡಿಲವಾಗುವುದು ಮತ್ತೆ ಮತ್ತೆ ಆಗುತ್ತಿದ್ದರೆ, ಸೊಂಟ ಎಳೆದಂತಾದರೆ, ನೀರು ಹೋದರೆ ಬೆಳಗಾಗಲಿ ಅಂತ ಕಾಯಬೇಡಿ. ನವಜಾತ ಶಿಶುಗಳ ವಿಶೇಷ ಘಟಕ ಇರುವ ಆಸ್ಪತ್ರೆಗೆ, ಮಗು ಹೊಟ್ಟೆಯಲ್ಲಿರುವಾಗಲೇ ಹೋಗಿ. ಹುಟ್ಟಿದ ಕೂಸನ್ನು ಆಂಬುಲೆನ್ಸ್‌ನಲ್ಲಿ ಒಯ್ಯುವಾಗ ಅದರ ಮೈ ತಣ್ಣಗಾಗುವುದೇ ದೊಡ್ಡ ಕುತ್ತು.

ಪ್ರಶ್ನೆ: ಮಗು 33 ವಾರದ್ದು, 1.7 ಕೆಜಿ ಇದೆ, ಮನೆಗೆ ಕಳಿಸಿದ್ದಾರೆ. ಅತ್ತೆ ಎಣ್ಣೆ ನೀರು ಹಾಕೋಣ ಅನ್ನುತ್ತಿದ್ದಾರೆ.
— ಓದುಗರು, ಪುತ್ತೂರು

ನೀರು ಈಗ ಬೇಡ, ಸಾಂಬ್ರಾಣಿ ಹೊಗೆಯೂ ಬೇಡ. ತೂಕ ಏರಿ ಡಾಕ್ಟರು ಹೇಳುವವರೆಗೆ ಒರೆಸಿದರೆ ಸಾಕು. ಅತ್ತೆಯವರಿಗೆ ಬೇರೆ ಕೆಲಸವಿದೆ: ಕಾಂಗರೂ ಆರೈಕೆ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ಬರಿ ಎದೆಯ ಮೇಲೆ ನೆಟ್ಟಗೆ, ಕಾಲು ಕಪ್ಪೆಯಂತೆ ಮಡಿಸಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಗದ್ದ ಅದರದೇ ಎದೆಗೆ ಒತ್ತದಂತೆ ಬಟ್ಟೆ ಕಟ್ಟಿ. ದಿನಕ್ಕೆ ಕನಿಷ್ಠ 8 ಗಂಟೆ. ನೀವು ಸ್ನಾನಕ್ಕೆ ಹೋದಾಗ ಅತ್ತೆ, ರಾತ್ರಿ ಗಂಡ. ಮೊಲೆ ಚೀಪಿ ಸುಸ್ತಾಗುತ್ತಿದ್ದರೆ ಹಿಂಡಿದ ಎದೆಹಾಲನ್ನು ಕುದಿಸಿ ತೊಳೆದ ಒಳಲೆಯಲ್ಲಿ ತುಸುತುಸುವೇ ಕೊಡಿ, ಎರಡು ಗಂಟೆಗೊಮ್ಮೆ. ಜೇನು, ಬಜೆ ನೆಕ್ಕಿಸಬೇಡಿ. ಕೂಸು ಹಾಲು ಕುಡಿಯುವುದನ್ನೇ ಬಿಟ್ಟರೆ, ಎದೆಗೂಡು ಒಳಕ್ಕೆ ಎಳೆದುಕೊಂಡರೆ, ಅಂಗಾಲು ಹೊಟ್ಟೆ ಎರಡೂ ತಣ್ಣಗಿದ್ದರೆ ಎದೆಗವುಚಿಕೊಂಡೇ ಆಸ್ಪತ್ರೆಗೆ ಓಡಿ.

ಇನ್ನೊಂದು, ನೀವು ಕೇಳದೇ ಇದ್ದದ್ದು. 34 ವಾರಕ್ಕೆ ಮುಂಚೆ ಅಥವಾ 2 ಕೆಜಿಗಿಂತ ಕಡಿಮೆ ಹುಟ್ಟಿದ ಮಗುವಿಗೆ 30 ದಿನದೊಳಗೆ ಅಕ್ಷಿಪಟಲದ (ಕಣ್ಣಿನ ಒಳಪರದೆಯ) ಪರೀಕ್ಷೆ ಆಗಲೇಬೇಕು. ಆ ಪರದೆ ಕೆಡುತ್ತಿದ್ದರೂ ಕಣ್ಣು ಕೆಂಪಾಗುವುದಿಲ್ಲ, ನೀರೂ ಸುರಿಯುವುದಿಲ್ಲ. ಪಾಪೆ ಬಿಳಿಯಾಗಿ ಕಾಣುವಷ್ಟರಲ್ಲಿ ದೃಷ್ಟಿ ಹೋಗಿರುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಆ ತಾರೀಖು ಬರೆದಿದೆಯೇ, ಈಗಲೇ ನೋಡಿ.