ಬಂಕಿನವನನ್ನು ಬೈದು ಏನು ಬಂತು?

ಓದುಗರ ಪತ್ರ: "ಮೊನ್ನೆ ಮಗಳ ಮನೆಗೆಂದು ಮಂಗಳೂರಿಗೆ ಹೋಗಿದ್ದೆ. ಅಲ್ಲಿ ಪೆಟ್ರೋಲ್ ನಮ್ಮೂರಿಗಿಂತ ಲೀಟರಿಗೆ ಒಂದೂವರೆ ರೂಪಾಯಿ ಕಮ್ಮಿ. ಬೆಂಗಳೂರಲ್ಲೂ ಕಮ್ಮಿಯೇ. ರಾಜ್ಯ ಒಂದೇ, ಕಂಪನಿ ಒಂದೇ. ನಮ್ಮ ಬಂಕಿನವರದು ಹಗಲು ದರೋಡೆ. ಕೇಳುವವರು ಯಾರೂ ಇಲ್ಲವೇ?" (ಚಂದಾದಾರರು, ತೀರ್ಥಹಳ್ಳಿ ತಾಲ್ಲೂಕು)

ಸಂಪಾದಕರ ಉತ್ತರ:

ಸ್ವಾಮೀ, ನಿಮ್ಮ ಕಾರ್ಡನ್ನು ಎರಡು ಸಲ ಓದಿದೆ. ಸಿಟ್ಟು ಸರಿಯಾಗಿಯೇ ಇದೆ. ಆದರೆ ಅದು ಪಾಪ ತಪ್ಪು ಮನೆಯ ಬಾಗಿಲು ತಟ್ಟಿದೆ.

ಬಂಕಿನಲ್ಲಿ ಮೋಸವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಅಳತೆ ಮೇಲೆ ಅನುಮಾನ ಬಂದರೆ ಐದು ಲೀಟರಿನ ಮುದ್ರೆ ಇರುವ ಅಳತೆ ಪಾತ್ರೆ ಕೇಳಿ. ನಿಮ್ಮ ಕಣ್ಣೆದುರೇ ಅಳೆದು ತೋರಿಸಬೇಕು. ಎಷ್ಟು ಜನ ಕೇಳಿದ್ದೀರಿ? ಹೋಗಲಿ, ದರದ ಮಾತು ಬೇರೆ. 2017ರ ಜೂನ್ 16ರಿಂದ ಸರ್ಕಾರಿ ತೈಲ ಕಂಪನಿಗಳು ದಿನಾ ಬೆಳಿಗ್ಗೆ ಆರಕ್ಕೆ ದರ ಹೇಳುತ್ತವೆ. ಮೆಷಿನ್ನಿನಲ್ಲಿ ಅದೇ ಕೂರುತ್ತದೆ. ಬಂಕಿನವನಿಗೆ ಸಿಗುವುದು ಲೀಟರಿಗಿಷ್ಟು ಅಂತ ಕಮಿಷನ್, ಅಷ್ಟೇ.

ಹಾಗಾದರೆ ಆ ಒಂದೂವರೆ ರೂಪಾಯಿ ಎಲ್ಲಿಂದ ಬಂತು? ದಾರಿಯಿಂದ. ಸುರತ್ಕಲ್ ಪಕ್ಕದ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್ ಮಂಗಳೂರಿನವರಿಗೆ ಹಿತ್ತಿಲಲ್ಲೇ ಇದೆ. ಅಲ್ಲಿಂದ ಹಾಸನದ ಮೇಲೆ ಹಾದು ಬೆಂಗಳೂರಿನ ಹತ್ತಿರದ ದೇವನಗೊಂದಿವರೆಗೆ ಸುಮಾರು 360 ಕಿ.ಮೀ. ಪೈಪು ಇದೆ. ಪೆಟ್ರೋಲ್ ಘಟ್ಟ ಹತ್ತಿ ನೆಲದೊಳಗೇ ಬೆಂಗಳೂರಿಗೆ ಹರಿದು ಹೋಗುತ್ತದೆ, ಮಳೆ ಗಾಳಿಯ ಹಂಗಿಲ್ಲ. ನಮ್ಮ ಬಂಕುಗಳಿಗೆ ಟ್ಯಾಂಕರೇ ಗತಿ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ. ಕರಾವಳಿಯಿಂದ ಹೊರಟ ಟ್ಯಾಂಕರ್ ಸುತ್ತು ಹಾಕಿಯೇ ಬರಬೇಕು.

ಆ ಬಾಡಿಗೆ ಪೆಟ್ರೋಲಿನ ದರಕ್ಕೆ ಸೇರುತ್ತದೆ. ಸೇರಿದ ಮೇಲೆ ರಾಜ್ಯದ ಮಾರಾಟ ತೆರಿಗೆ. 2024ರ ಜೂನ್‌ನಲ್ಲಿ ಅದನ್ನು ಶೇ 25.92ರಿಂದ 29.84ಕ್ಕೆ ಏರಿಸಿದರು. ಅಂದರೆ ಬಾಡಿಗೆ ಒಂದು ರೂಪಾಯಿ ಜಾಸ್ತಿಯಾದರೆ ಅದರ ಬೆನ್ನಿಗೆ ಮೂವತ್ತು ಪೈಸೆ ತೆರಿಗೆ. ಘಟ್ಟದ ತಿರುವಿಗೂ ತೆರಿಗೆ ಕಟ್ಟುವವರು ನಾವು!

ಕೆಲವು ವರ್ಷದ ಹಿಂದೆ ಹೊಸನಗರದಿಂದ ಬಿದನೂರು ನಗರದ ಕಡೆ ಹೋಗುವಾಗ ನನ್ನ ಬೈಕು ನಿಂತುಬಿಟ್ಟಿತು. ಸಂಜೆ ಹೊತ್ತು, ಜಿರಾಪತಿ ಮಳೆ. ತಳ್ಳಿಕೊಂಡು ಒಂದು ಗೂಡಂಗಡಿ ಮುಟ್ಟಿದೆ. ಅಂಗಡಿಯ ಅಮ್ಮ ಒಳಗಿಂದ ನೀರಿನ ಬಾಟ್ಲಿಯಲ್ಲಿ ಪೆಟ್ರೋಲ್ ತಂದರು. ಲೀಟರಿಗೆ ಇಪ್ಪತ್ತು ರೂಪಾಯಿ ಮೇಲೆ. "ಜಾಸ್ತಿ ಆಯ್ತಲ್ವಾ ಅಮ್ಮ?" ಅಂದೆ. "ಪ್ಯಾಟೆಗೆ ಹೋಗಿ ತರೋ ಬಸ್‌ಚಾರ್ಜು ನೀವು ಕೊಡ್ತೀರಾ ಮಾರಾಯ್ರೆ?" ಅಂದರು. ಬಾಟ್ಲಿಯಲ್ಲಿ ಪೆಟ್ರೋಲ್ ಮಾರುವುದು ಅಪಾಯ, ಕಾನೂನೂ ಒಪ್ಪುವುದಿಲ್ಲ. ಗೊತ್ತು. ಆದರೂ ಅವರನ್ನು ಲೂಟಿಕೋರರು ಅನ್ನಲು ನನಗೆ ನಾಲಿಗೆ ಏಳಲಿಲ್ಲ. ಒಂದು ಲೋಟ ಕಾಫಿ ಕೊಟ್ಟರು, ಅದಕ್ಕೆ ದುಡ್ಡು ಮುಟ್ಟಲಿಲ್ಲ.

ಈಗ ಕರೆಂಟಿಗೆ ಬರೋಣ. ಪೆಟ್ರೋಲಿನ ಮಾತಲ್ಲಿ ಕರೆಂಟ್ ಯಾಕೆ ಅನ್ನಬೇಡಿ, ನನ್ನ ಹೊಟ್ಟೆ ಉರಿಯುವುದೇ ಇಲ್ಲಿ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಮ್ಮ ಊರು, ಗದ್ದೆ, ತೋಟ ನೀರೊಳಗೆ ಹೋದವು. ಹಿನ್ನೀರಿನಾಚೆ ಉಳಿದ ತುಮರಿ ಕಡೆಯವರು ಸೇತುವೆಗಾಗಿ 2025ರ ಜುಲೈವರೆಗೆ ಕಾದರು, ಅಲ್ಲಿವರೆಗೂ ಲಾಂಚಿನ ಹಾದಿ ಕಾಯುವುದೇ ಬದುಕು. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರ 1,035 ಮೆಗಾವಾಟಿನದು. ಆ ಕರೆಂಟು ಎಲ್ಲೆಲ್ಲಿಗೋ ಹೋಗುತ್ತದೆ. ಬೆಂಗಳೂರಿನ ಮನೆಯ ಬಿಲ್ಲಿನಲ್ಲಿ 'ಜೋಗದಿಂದ ಇಲ್ಲಿವರೆಗಿನ ತಂತಿ ಬಾಡಿಗೆ' ಅಂತ ಯಾರಾದರೂ ಬರೆದದ್ದು ಕಂಡಿದ್ದೀರಾ? ನಮ್ಮದು ಹೊರಗೆ ಹೋಗುವಾಗ ದೂರದ ಖರ್ಚು ಎಲ್ಲರದು. ಹೊರಗಿನದು ನಮ್ಮಲ್ಲಿಗೆ ಬರುವಾಗ ಮಾತ್ರ ನಮ್ಮದು.

ಬಾಡಿಗೆಯನ್ನು ಯಾರಾದರೂ ಕೊಡಲೇಬೇಕಲ್ಲ ಎಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಹೌದು, ಕೊಡಬೇಕು. ಎಲ್ಲರೂ ಸೇರಿ ಕೊಡಲಿ. 2024ರ ಅಕ್ಟೋಬರ್ ಕೊನೆಯಲ್ಲಿ ತೈಲ ಕಂಪನಿಗಳೇ ಕೆಲವು ರಾಜ್ಯಗಳ ಒಳಗೆ ಸಾಗಣೆ ಖರ್ಚನ್ನು ಸರಿದೂಗಿಸಿದವು. ಒಡಿಶಾದ ಮಲ್ಕಾನ್‌ಗಿರಿಯ ಕೆಲವು ಊರುಗಳಲ್ಲಿ ಪೆಟ್ರೋಲ್ ಲೀಟರಿಗೆ ನಾಲ್ಕು ರೂಪಾಯಿಗೂ ಜಾಸ್ತಿ ಇಳಿಯಿತು. ಅಲ್ಲೂ ಕಾಡು, ಅಲ್ಲೂ ಗುಡ್ಡ.

ನೀವು ನನಗೆ ಬರೆದ ಕಾರ್ಡಿಗೆ ಐವತ್ತು ಪೈಸೆ ಕೊಟ್ಟಿದ್ದೀರಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೂ ಅಷ್ಟೇ, ದೆಹಲಿಗೂ ಅಷ್ಟೇ. ಇನ್ನೆರಡು ಕಾರ್ಡು ತಗೊಳ್ಳಿ. ಒಂದನ್ನು ದೆಹಲಿಯ ಪೆಟ್ರೋಲಿಯಂ ಸಚಿವರಿಗೆ ಹಾಕಿ, ಇನ್ನೊಂದನ್ನು ವಿಧಾನಸೌಧಕ್ಕೆ. ಬಂಕಿನ ಹುಡುಗನನ್ನು ಬಿಟ್ಟುಬಿಡಿ, ಅವನಿಗೆ ಬೆಳಿಗ್ಗೆ ಆರಕ್ಕೇ ಡ್ಯೂಟಿ.