ರೋಷಕ್ಕೆ ಎದುರಾಳಿ ಬೇಕು

ಡೊಂಬಿವಲಿಯ ಓದುಗರೊಬ್ಬರ ಪತ್ರದ ಸಾರ: ಬೆಳಗಾವಿಯ ಹೆಸರೆತ್ತಿದರೆ ಸಾಕು, ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳಲ್ಲಿ ಬೀದಿಗಿಳಿಯುವ ಜನ ಮಹಾರಾಷ್ಟ್ರದ ಜತ್ತ ತಾಲೂಕಿನ ಕನ್ನಡ ಹಳ್ಳಿಗಳ ನೀರಿನ ಬವಣೆಗಾಗಲಿ, ಮುಂಬಯಿಯಲ್ಲಿ ಸೊರಗುತ್ತಿರುವ ಕನ್ನಡ ಶಾಲೆಗಳಿಗಾಗಲಿ ಏಕೆ ಕದಲುವುದಿಲ್ಲ? ಇದು ರಾಜಕಾರಣಿಗಳೂ ಪತ್ರಿಕೆಗಳೂ ಸೇರಿ ಆಡಿಸುವ ಆಟವಲ್ಲವೇ?

ಮಾನ್ಯರೇ,

ಆಡಿಸುವವರು ಇದ್ದಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜನರ ಮನಸ್ಸಿನಲ್ಲಿ ಇಲ್ಲದ ಸಿಟ್ಟನ್ನು ಅವರು ಹೊರಗಿನಿಂದ ತಂದು ತುಂಬಲಾರರು. ತಾವು ಎತ್ತಿದ ಜತ್ತದ ಸಂಗತಿಯನ್ನೇ ನೋಡೋಣ. 2012ರ ಬರಗಾಲದಲ್ಲಿ ಸಾಂಗ್ಲಿ ಜಿಲ್ಲೆಯ ಆ ತಾಲೂಕಿನ ಹಲವು ಗ್ರಾಮ ಪಂಚಾಯತಿಗಳು, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದವು. ಠರಾವು ವರ್ಷಗಟ್ಟಲೆ ಕಡತದಲ್ಲಿ ಮಲಗಿತು. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅದನ್ನು ನೆನಪಿಸಿ ಅಲ್ಲಿನ ಸುಮಾರು 40 ಹಳ್ಳಿಗಳ ಮಾತೆತ್ತಿದ್ದೇ ತಡ, ಎಲ್ಲ ಬದಲಾಯಿತು. ಡಿಸೆಂಬರ್ 6ರಂದು ಬೆಳಗಾವಿ ಹತ್ತಿರದ ಹಿರೇಬಾಗೇವಾಡಿ ಟೋಲ್ ನಾಕೆಯ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು, ತಿಂಗಳು ಮುಗಿಯುವುದರೊಳಗೆ ಗಡಿಯ ಪ್ರಶ್ನೆಯ ಮೇಲೆ ಎರಡೂ ವಿಧಾನಮಂಡಲಗಳು ಒಂದರ ವಿರುದ್ಧ ಇನ್ನೊಂದು ನಿರ್ಣಯ ಅಂಗೀಕರಿಸಿದವು.

ಹಳ್ಳಿಗಳು ಅವೇ, ಬಾಯಾರಿಕೆಯೂ ಅದೇ. ಹೊಸದಾಗಿ ಸಿಕ್ಕವನು ಎದುರಾಳಿ. ನೀರಿಲ್ಲದಿರುವುದಕ್ಕೆ ಹೊಣೆ ಯಾರೆಂದು ಕೇಳಹೊರಟರೆ ಕೃಷ್ಣೆಯ ನೀರನ್ನು ಮೇಲೆತ್ತಿ ಹರಿಸುವ ಮ್ಹೈಸಾಳ ಏತ ನೀರಾವರಿಯ ಕಾಮಗಾರಿ, ಅನುದಾನ, ಕೃಷ್ಣೆಯ ನೀರಿನ ಪಾಲು ಎಂದು ಲೆಕ್ಕ ಹಿಡಿಯಬೇಕಾಗುತ್ತದೆ, ಕೊನೆಗೆ ಬೆರಳು ನಾವು ಆರಿಸಿ ಕಳಿಸಿದವರ ಕಡೆಗೇ ತಿರುಗುತ್ತದೆ. ಗಡಿಯಾಚೆಯವನನ್ನು ಬೈಯಲು ಇಷ್ಟೆಲ್ಲ ಬೇಕಿಲ್ಲ. ಬಸ್ಸಿಗೆ ಮಸಿ ಬಳಿದದ್ದನ್ನು ಚಿತ್ರ ತೆಗೆಯಬಹುದು, ಬತ್ತಿದ ಬಾವಿಗೆ ಇಂಥದೇ ದಿನಾಂಕವೆಂಬುದಿಲ್ಲ. ಕಬ್ಬು ಕಡಿಯಲು ಗುಳೆ ಹೋದವನು ಮೋರ್ಚಾಕ್ಕೆ ಬರುವಂತೆಯೂ ಇಲ್ಲ. ಹಾಗೆಂದು ಆ ಗದ್ದಲ ಪೂರ್ತಿ ವ್ಯರ್ಥವೆನ್ನಲು ನಾನು ಸಿದ್ಧನಿಲ್ಲ. ಮ್ಹೈಸಾಳ ಯೋಜನೆಯ ವಿಸ್ತರಣೆಗೆ ಮಹಾರಾಷ್ಟ್ರ ಸರ್ಕಾರ ಅವಸರ ತೋರಿದ್ದು ಅದರ ಬೆನ್ನಲ್ಲೇ. ಅರ್ಜಿಗಳಿಂದ ಆಗದ್ದು ಕಲ್ಲುಗಳಿಂದ ಆಯಿತೆಂಬುದು ಹೆಮ್ಮೆಯ ವಿಷಯವೇನೂ ಅಲ್ಲ.

ಎದುರಾಳಿ ಸಿಕ್ಕರಷ್ಟೇ ಸಾಲದು, ನೊಂದವರು ನಿರಪರಾಧಿಗಳಾಗಿಯೂ ಕಾಣಬೇಕು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ (ಈಗಿನ ಪ್ರಭಾದೇವಿ) ನಿಲ್ದಾಣದ ಪಾದಚಾರಿ ಸೇತುವೆಯ ನೂಕುನುಗ್ಗಲಿನಲ್ಲಿ 23 ಮಂದಿ ಸತ್ತಾಗ ಇಡೀ ನಗರ ಕೆರಳಿತು, ಸೈನ್ಯವನ್ನೇ ಕರೆಸಿ ಹೊಸ ಸೇತುವೆ ಕಟ್ಟಿಸಬೇಕಾಯಿತು. ಆದರೆ ಮುಂಬಯಿಯ ಲೋಕಲ್ ಹಳಿಗಳ ಮೇಲೆ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಒಬ್ಬೊಬ್ಬರಾಗಿ ಸಾಯುತ್ತಾರೆ. ಹಳಿ ದಾಟಿದ್ದೇಕೆ, ಬಾಗಿಲಲ್ಲಿ ಜೋತುಬಿದ್ದದ್ದೇಕೆ ಎಂದು ಸತ್ತವನನ್ನೇ ಕೇಳಿ ನಾವು ಮುಂದಿನ ಗಾಡಿ ಹಿಡಿಯುತ್ತೇವೆ.

ಇನ್ನು ಕನ್ನಡ ಶಾಲೆಗಳು. ಮುಂಬಯಿ ಮಹಾನಗರಪಾಲಿಕೆ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತಿದೆ. ಅಲ್ಲಿಗೆ ಬರುವ ಮಕ್ಕಳೇ ಕಡಿಮೆ. ತಾವು ಪಾಲಿಕೆಯ ಉದಾಸೀನವನ್ನು ಖಂಡಿಸಿದ್ದೀರಿ, ಅದಕ್ಕೆ ಕಾರಣವಿರಬಹುದು. ಆದರೆ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದು ಪಾಲಿಕೆಯಲ್ಲ, ಕನ್ನಡಿಗರೇ. ಮುಂದಿನ ಕೆಲಸ, ಬಾಳುವೆ ಎಲ್ಲವನ್ನೂ ಯೋಚಿಸಿ ಸೇರಿಸಿದರು, ಆ ಆಯ್ಕೆಯನ್ನು ನಾನು ಹಳಿಯಲಾರೆ. ಹಾಗಿದ್ದ ಮೇಲೆ ಘೋಷಣೆ ಯಾರ ವಿರುದ್ಧ ಕೂಗುವುದು? ಈ ಪ್ರಶ್ನೆಯ ಸುತ್ತ ಇರುವ ಮೌನವನ್ನು ತಾವು ಅಲಕ್ಷ್ಯವೆಂದು ಕರೆದಿದ್ದೀರಿ. ನನಗೆ ಅದರಲ್ಲಿ ಸಂಕೋಚವೇ ಹೆಚ್ಚು ಕಾಣುತ್ತದೆ.

ಈ ಬಗ್ಗೆ ವಿಶೇಷ ಸಂಚಿಕೆ ತರಬೇಕೆಂಬ ತಮ್ಮ ಸೂಚನೆ ಒಪ್ಪಿಗೆ. ಆದರೆ ಪಾಲಿಕೆಯನ್ನು ಮಾತ್ರ ದೂರುವ ಲೇಖನಗಳಿಂದ ಅದನ್ನು ತುಂಬಿಸಲು ನನಗೆ ಮನಸ್ಸಿಲ್ಲ. ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದ ಮತ್ತು ಕಳಿಸದ ತಂದೆತಾಯಿಗಳು, ಹಾಗೇಕೆ ಮಾಡಿದೆವೆಂದು ಬರೆಯಲಿ. ಹೆಸರು ಬೇಡವೆಂದವರದನ್ನು ಹೆಸರಿಲ್ಲದೆಯೇ ಅಚ್ಚು ಹಾಕೋಣ.

— ಸಂಪಾದಕ