ಉತ್ತರ ಕನ್ನಡಕ್ಕೆ ಒಂದೇ ಚುಕ್ಕೆ ಸಾಲದು

ದೇಶದ ತಿನಿಸುಗಳ ನಕ್ಷೆಯಲ್ಲಿ ಉತ್ತರ ಕನ್ನಡಕ್ಕೆ ಯಾವ ಒಂದು ಹೆಸರು ಬರೆಯಲಿ ಎಂದು ಕೇಳಿದ್ದೀರಿ. ದಯವಿಟ್ಟು ಒಂದೇ ಬರೆಯಬೇಡಿ. ಘಟ್ಟದ ಮೇಲಿನ ಊಟವೇ ಬೇರೆ, ಕೆಳಗಿನದೇ ಬೇರೆ.

ಶಿರಸಿಗೆ ತೊಡೆದೇವು ಹಾಕಿ. ಆಲೆಮನೆ ಸಮಯದಲ್ಲಿ ಕಬ್ಬಿನ ಹಾಲಿಗೆ ಅಕ್ಕಿ ಹಿಟ್ಟು ಕಲಸಿ, ಬೋರಲು ಹಾಕಿದ ಬಿಸಿ ಮಡಕೆಯ ಮೇಲೆ ಬಟ್ಟೆಯಿಂದ ತೆಳ್ಳಗೆ ಎಳೆಯುತ್ತಾರೆ. ಕಾಗದದ ಹಾಗೆ ಏಳುತ್ತದೆ. ಬಿಸಿ ಇದ್ದಾಗಲೇ ಮಡಚಬೇಕು, ತಡವಾದರೆ ಪುಡಿಪುಡಿ. ತುಪ್ಪ ಮಾತ್ರ ಜಾಸ್ತಿಯೇ ಇರಲಿ!

ಕುಮಟಾಕ್ಕೆ ಸಿಹಿ ಈರುಳ್ಳಿ. ಬೇಸಿಗೆಯಲ್ಲಿ ಹೆದ್ದಾರಿ ಬದಿ ಜಡೆ ಹೆಣೆದು ತೂಗು ಹಾಕಿರುತ್ತಾರೆ, ನೋಡಿರಬೇಕಲ್ವಾ? ಅಂಕೋಲಾಕ್ಕೆ ಕರಿ ಇಶಾಡ ಮಾವು, 2023ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಕೂಡ ಸಿಕ್ಕಿದೆ. ಕಾರವಾರಕ್ಕೆ ಸುಮ್ನೆ ‘ಮೀನು’ ಅಂತ ಬರೆಯಬೇಡಿ. ಜುಮ್ಮನಕಾಯಿ ಎಂಬ ಮಸಾಲೆ ಕಾಯಿ ಹಾಕಿದ ಬಂಗಡೆ ಮೀನಿನ ಸಾರು ಅಂತಲೇ ಬರೆಯಿರಿ.